ಕಂಚಿನ ಕಣ್ಣಿಗೆ ನೆರಳೇ ಪಾಪೆ

ನಾನು ಮಾಡಿದ ಒಂದು ಎಡವಟ್ಟಿನಿಂದಲೇ ಶುರು ಮಾಡುತ್ತೇನೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಅದನ್ನು ಬಿಟ್ಟರೆ ಮುಂದಿನದು ಅರ್ಥವಾಗುವುದಿಲ್ಲ.

ನನ್ನದು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ಅದರ ಜೊತೆಗೆ ಮೂವತ್ತು ವರ್ಷದಿಂದ ಹವ್ಯಾಸಿ ನಾಟಕಗಳಿಗೆ ಬೆಳಕು ಕೊಡುವ ಹುಚ್ಚು. ಊರಲ್ಲಿ ಯಾರಿಗೆ ಏನು ಬೆಳಗಿಸಬೇಕಿದ್ದರೂ ನನಗೇ ಫೋನ್. ಕೆಲವು ವರ್ಷಗಳ ಹಿಂದೆ ಒಂದು ಶಾಲೆಯವರು ಕರೆದರು. ಸ್ಥಾಪಕರ ಕಂಚಿನ ಪ್ರತಿಮೆಯ ಅನಾವರಣ, ಎದೆಯಿಂದ ಮೇಲಿನ ಭಾಗ ಮಾತ್ರ. ಸಂಜೆ ಆರೂವರೆಗೆ ಪರದೆ ಸರಿಯುವಾಗ ಲೈಟ್ ಚೆನ್ನಾಗಿರಬೇಕು ಅಂದರು. ನಾನು ಎರಡು ಎಲ್‌ಇಡಿ ಫ್ಲಡ್ ತಂದು ಕಟ್ಟೆಯ ಬುಡದಲ್ಲಿ ಇಟ್ಟೆ. ಕೆಳಗಿನಿಂದ ಮೇಲಕ್ಕೆ. ನೋಡುವವರ ಕಣ್ಣಿಗೆ ಹೊಡೆಯುವುದಿಲ್ಲ, ವಯರ್ ಕಾಣುವುದಿಲ್ಲ, ಕೆಲಸ ಸುಲಭ. ಹಗಲಿನಲ್ಲೇ ಟೆಸ್ಟ್ ಮಾಡಿದ್ದೆ. ಹಗಲಲ್ಲಿ ಏನು ಗೊತ್ತಾಗುತ್ತದೆ, ಮಣ್ಣು!

ಪರದೆ ಸರಿಯಿತು. ಚಪ್ಪಾಳೆ ಅರ್ಧಕ್ಕೇ ನಿಂತಿತು. ಗಲ್ಲದ ಕೆಳಗೆ ಝಗಮಗ, ಮೀಸೆಯ ನೆರಳು ಮೂಗಿನ ಮೇಲೆ, ಹುಬ್ಬಿನ ನೆರಳು ಕೋಡಿನ ಹಾಗೆ ಹಣೆಗೆ. ಮುಂದಿನ ಸಾಲಿನ ಮಕ್ಕಳಲ್ಲಿ ಒಬ್ಬ ‘ದೆವ್ವ’ ಅಂದೇಬಿಟ್ಟ. (‘ಭೂತ’ ಅಂದಿದ್ದರೆ ನಮ್ಮ ತುಳುನಾಡಿನಲ್ಲಿ ಮರ್ಯಾದೆಯ ಮಾತೇ ಆಗುತ್ತಿತ್ತು.) ಅದಕ್ಕಿಂತ ಜಾಸ್ತಿ ಚುಚ್ಚಿದ್ದು ಇನ್ನೊಂದು. ಸ್ಥಾಪಕರ ಮಗಳು, ಎಂಬತ್ತರ ಹತ್ತಿರದ ಅಜ್ಜಿ, ಮೆಲ್ಲಗೆ ಹತ್ತಿರ ಬಂದು ನೋಡಿದರು. “ಅಪ್ಪನ ಕಣ್ಣು ಎಲ್ಲಿ ಹೋಯಿತು ಮಾರಾಯ?” ಅಂದರು.

ನಿಜವಾಗಿಯೂ ಕಣ್ಣು ಹೋಗಿತ್ತು. ಹಗಲು ನೋಡಿದಾಗ ಆ ಮುಖದಲ್ಲಿ ಒಳ್ಳೆಯ ಚೂಪು ನೋಟವಿತ್ತು. ಈಗ ನೋಡಿದರೆ ಎರಡು ಬೋಳು ಉಂಡೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಏಣಿ ಹತ್ತಿ ಪ್ರತಿಮೆಯ ಕಣ್ಣಿಗೆ ಬೆರಳು ಹಾಕಿದೆ. ಅಲ್ಲಿ ಒಂದು ಗುಳಿ ಇತ್ತು. ನನ್ನ ಕಿರುಬೆರಳಿನ ಉಗುರು ಅರ್ಧ ಮುಳುಗುವಷ್ಟು ಆಳ. ಗುಳಿಯ ಮೇಲಂಚಿನಲ್ಲಿ ಒಂದು ಸಣ್ಣ ಕಾಳು ಲೋಹ ಹಾಗೇ ಉಳಿಸಿದ್ದರು. ಆಗ ತಲೆಗೆ ಹೊಳೆಯಿತು. ಕಂಚಿನಲ್ಲಿ ಎಲ್ಲವೂ ಒಂದೇ ಬಣ್ಣ. ಬಿಳಿ ಗುಡ್ಡೆ, ಕಪ್ಪು ಪಾಪೆ ಅಂತ ಬೇರೆ ಮಾಡಲು ದಾರಿ ಇಲ್ಲ. ಅದಕ್ಕೆ ಶಿಲ್ಪಿ ತೂತು ತೋಡುತ್ತಾನೆ. ಮೇಲಿನಿಂದ ಬಿಸಿಲು ಬಿದ್ದರೆ ತೂತಿನೊಳಗೆ ನೆರಳು ತುಂಬುತ್ತದೆ. ಆ ನೆರಳೇ ಪಾಪೆ. ಉಳಿಸಿದ ಆ ಕಾಳು ಬೆಳಕು ಹಿಡಿದು ಕಣ್ಣಿನ ಮಿಂಚಾಗುತ್ತದೆ. ಹದಿನೆಂಟನೇ ಶತಮಾನದ ಫ್ರೆಂಚ್ ಶಿಲ್ಪಿ ಊಡೋಂ ಈ ಉಪಾಯಕ್ಕೆ ಹೆಸರುವಾಸಿ, ಅವನ ಅಮೃತಶಿಲೆಯ ಮುಖಗಳೂ ನಮ್ಮನ್ನೇ ನೋಡುತ್ತಿರುವ ಹಾಗೆ ಕಾಣುವುದು ಇದರಿಂದ. ನಾನು ಕೆಳಗಿನಿಂದ ಲೈಟ್ ಹಾಕಿ ಆ ತೂತಿಗೆ ಬೆಳಕು ಸುರಿದಿದ್ದೆ. ಶಿಲ್ಪಿ ಕಷ್ಟಪಟ್ಟು ಕೂಡಿಸಿದ್ದ ಕತ್ತಲೆಯನ್ನು ನಾನು ತೊಳೆದು ಹಾಕಿದ್ದೆ.

ಸರಿ ಮಾಡಲು ಎರಡು ದಿನ ಹಿಡಿಯಿತು. ಫ್ಲಡ್ ತೆಗೆದು ಮಂಟಪದ ತೊಲೆಗೆ ಏರಿಸಿದೆ, ಎಡಗಡೆಯಿಂದ ಓರೆಯಾಗಿ ಬೀಳುವ ಹಾಗೆ. ಆಗ ಹಣೆಯ ಮೇಲೆ ಲೈಟಿನದ್ದೇ ಚೌಕಾಕಾರದ ಹೊಳಪು ಕೂತಿತು. ಲೋಹದ ತಂಟೆಯೇ ಇದು. ಚರ್ಮ ಬೆಳಕನ್ನು ಕುಡಿಯುತ್ತದೆ, ಲೋಹ ವಾಪಸ್ ಉಗುಳುತ್ತದೆ. ನಟನ ಮುಖಕ್ಕೆ ಲೈಟ್ ಹಾಕಿದರೆ ಮುಖ ಕಾಣುತ್ತದೆ, ಪಾಲಿಶ್ ಮಾಡಿದ ಕಂಚಿಗೆ ಹಾಕಿದರೆ ಲೈಟೇ ಕಾಣುತ್ತದೆ. ಕೊನೆಗೆ ಅಂಗಡಿಯಿಂದ ಒಂದು ಬಿಳಿ ಪಂಚೆ ತಂದು ಎದುರಿಗೆ ಕಟ್ಟಿ, ಲೈಟನ್ನು ಪಂಚೆಗೆ ಹೊಡೆದೆ. ಪಂಚೆಯಿಂದ ತಿರುಗಿ ಬಂದ ಬೆಳಕು ದೊಡ್ಡದು, ಮೆತ್ತಗಿನದು. ಕೆನ್ನೆ ಬಂತು, ಹಣೆಯ ಗೆರೆ ಬಂತು, ಕಣ್ಣು ತೆರೆಯಿತು. ಈಗ ಅಲ್ಲಿ ಪಂಚೆಯ ಬದಲು ಬಿಳಿ ಬಣ್ಣ ಬಳಿದ ತಗಡು ಇದೆ. ಅಜ್ಜಿಗೆ ತೋರಿಸಿದೆ. ಅವರು ಏನೂ ಹೇಳಲಿಲ್ಲ, ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದರು.

ಅಂದಿನಿಂದ ನನಗೆ ಒಂದು ಚಟ ಹಿಡಿಯಿತು. ಎಲ್ಲೇ ಲೋಹದ ಮೂರ್ತಿ ಕಂಡರೂ ಮೊದಲು ಕಣ್ಣು ನೋಡುತ್ತೇನೆ. ಈ ಕಣ್ಣು ಬೆಳಕನ್ನು ಯಾವ ಕಡೆಯಿಂದ ಕಾಯುತ್ತಿದೆ ಅಂತ.

ಹಾಗೆ ನೋಡಿದರೆ ಇದರ ಮೊದಲ ಪಾಠ ನನಗೆ ಚಿಕ್ಕಂದಿನಲ್ಲೇ ಆಗಿತ್ತು, ಗೊತ್ತಾಗಿರಲಿಲ್ಲ ಅಷ್ಟೆ. ಮೂಡಬಿದಿರೆಯ ಸಾವಿರ ಕಂಬದ ಬಸದಿಗೆ ಅಜ್ಜ ಕರೆದುಕೊಂಡು ಹೋಗುತ್ತಿದ್ದರು. 1430ರಲ್ಲಿ ಕಟ್ಟಲು ಶುರುಮಾಡಿದ ಬಸದಿ ಅದು. ಹೊರಗಿನ ಕಂಬಗಳ ಬಿಸಿಲು ನೆರಳು ದಾಟಿ ಒಳಗೆ ಹೋದ ಹಾಗೆ ಕತ್ತಲೆ ಜಾಸ್ತಿಯಾಗುತ್ತದೆ. ಗರ್ಭಗುಡಿಯಲ್ಲಿ ಎಂಟಡಿ ಎತ್ತರದ ಚಂದ್ರನಾಥ ಸ್ವಾಮಿ, ಪಂಚಲೋಹದ್ದು. ಮೊದಲಿಗೆ ಏನೂ ಕಾಣುವುದಿಲ್ಲ. ದೂರದಲ್ಲಿ ಎರಡು ದೀಪ, ಅವುಗಳ ನಡುವೆ ಏನೋ ನಿಂತಿದೆ ಅನ್ನಿಸುತ್ತದೆ. ಆರತಿ ಎತ್ತಿದಾಗ ಮೊದಲು ಪಾದ, ಮೊಣಕಾಲು, ಆಮೇಲೆ ಎದೆ. ಆರತಿ ಇಳಿದರೆ ಮುಖ ಮತ್ತೆ ಕತ್ತಲೆಗೆ. ನಾನು ಆ ಮುಖವನ್ನು ಒಂದು ಸಲವೂ ಪೂರ್ತಿ ನೋಡಲಿಲ್ಲ ಅಂತ ಅಜ್ಜನ ಹತ್ತಿರ ಜಗಳ ಮಾಡಿದ್ದೆ.

ಜಿನಮೂರ್ತಿಗೆ ಒಡವೆ ಇಲ್ಲ, ಬಟ್ಟೆ ಇಲ್ಲ. ಹೆಗಲಿನಿಂದ ಅಂಗಾಲಿನವರೆಗೆ ಒಂದೇ ನುಣುಪು. ಬೆಳಕು ಎಲ್ಲೂ ತಡವರಿಸದೆ ಜಾರಿಕೊಂಡು ಹೋಗುತ್ತದೆ. ಇದನ್ನು ಫ್ಲಡ್ ಲೈಟಿನಲ್ಲಿ ನಿಲ್ಲಿಸಿದರೆ ಕಂಬವಾಗುತ್ತದೆ. ಅಲುಗುವ ದೀಪದಲ್ಲಿ ಮಾತ್ರ ಉಸಿರಾಡುತ್ತದೆ.

ಇದರ ತಿರುವು ಇನ್ನೊಂದು ಕಡೆ. ನಮ್ಮ ಭೂತಕೋಲದಲ್ಲಿ ಪಂಜುರ್ಲಿ ಎಂಬ ದೈವದ ಮೊಗ, ಅಂದರೆ ಮುಖವಾಡ. ಹಂದಿಯ ಮುಸುಡಿ, ಹೊರಗೆ ಚಾಚಿದ ನಾಲಗೆ, ಉಬ್ಬಿದ ಕಣ್ಣು, ಹಿತ್ತಾಳೆಯದ್ದು. ಕಪಾಟಿನೊಳಗೆ ಇಟ್ಟಾಗ ನೋಡಿದರೆ ಸ್ವಲ್ಪ ತಮಾಷೆಯೇ. ರಾತ್ರಿ ಮೂರು ಗಂಟೆಗೆ, ತೂಟೆ ಎಂಬ ಪಂಜಿನ ಬೆಂಕಿಯಲ್ಲಿ, ತಾಸೆ ವಾದ್ಯದ ಸದ್ದಿನ ನಡುವೆ ಅದೇ ಮೊಗ ನಿಮ್ಮ ಕಡೆ ತಿರುಗಿದರೆ ನಗು ಬರುವುದಿಲ್ಲ. ತೆಂಗಿನ ಗರಿಯ ಬೆಂಕಿ ಒಂದು ಕ್ಷಣ ಇದ್ದ ಹಾಗೆ ಇನ್ನೊಂದು ಕ್ಷಣ ಇರುವುದಿಲ್ಲ. ನೆರಳು ಹುಬ್ಬಿನಿಂದ ಮೂತಿಗೆ, ಮೂತಿಯಿಂದ ಕಿವಿಗೆ ಓಡುತ್ತಿರುತ್ತದೆ. ಮುಖ ಅಲುಗದಿದ್ದರೂ ಮುಖಭಾವ ಬದಲಾಗುತ್ತದೆ. ಈಗ ಹ್ಯಾಲೋಜನ್ ಹಾಕುತ್ತಾರೆ. ಹಾಕುವವನು ಹೆಚ್ಚಿನ ಸಲ ನಾನೇ, ಹಾಗಾಗಿ ಯಾರನ್ನೂ ಬೈಯುವ ಹಾಗಿಲ್ಲ.

ಕಳೆದ ಡಿಸೆಂಬರಿನಲ್ಲಿ ಮಗಳ ಮನೆಗೆ ಚೆನ್ನೈಗೆ ಹೋಗಿದ್ದೆ. “ಅಪ್ಪ, ಬೀಚು ಆಮೇಲೆ, ಮೊದಲು ಎಗ್ಮೋರ್ ಮ್ಯೂಸಿಯಂ ನೋಡಿ, ನಿಮಗೆ ಅಲ್ಲಿ ಕೆಲಸ ಉಂಟು” ಅಂದಳು. 1851ರಲ್ಲಿ ಶುರುವಾದ ಮ್ಯೂಸಿಯಂ. ಅಲ್ಲಿ ತಿರುವಾಲಂಗಾಡಿನ ನಟರಾಜ ಇದ್ದಾನೆ, ಚೋಳರ ಕಾಲದ್ದು, ಹೆಚ್ಚುಕಡಿಮೆ ನಾಲ್ಕಡಿ ಎತ್ತರ. ಸುತ್ತಲಿನ ಬೆಂಕಿಯ ಪ್ರಭಾವಳಿ ಅವನಿಗಿಲ್ಲ. ಇಲ್ಲದಿರುವುದೇ ಒಳ್ಳೆಯದಾಯಿತು ಅನ್ನಿಸಿತು ನನಗೆ. ಪ್ರಭಾವಳಿ ಇದ್ದರೆ ಕಣ್ಣು ಚೌಕಟ್ಟಿನೊಳಗೆ ಕೂತುಬಿಡುತ್ತದೆ. ಇಲ್ಲಿ ನಾಲ್ಕು ಕೈಗಳೂ ಎತ್ತಿದ ಕಾಲೂ ಬಯಲಿಗೆ ಚಾಚಿವೆ.

ಮೊದಲು ಕಣ್ಣು ನೋಡಿದೆ. ಗುಳಿ ಇಲ್ಲ! ತೆಳ್ಳಗೆ ಕೊರೆದ ಗೆರೆ ಅಷ್ಟೆ. ರೆಪ್ಪೆಯ ಅಂಚು ತುಸು ಎದ್ದಿದೆ. ಇದಕ್ಕೆ ಮೇಲಿನ ಬಿಸಿಲಿನ ಹಂಗೇ ಇಲ್ಲ. ಕೆಳಗಿನಿಂದ ಎಣ್ಣೆ ದೀಪದ ಬೆಳಕು ಬಿದ್ದರೂ ಹೋಗುವಂಥದ್ದು ಏನೂ ಇಲ್ಲಿಲ್ಲ. ಗೆರೆ ಗೆರೆಯಾಗಿಯೇ ಉಳಿಯುತ್ತದೆ, ರೆಪ್ಪೆಯ ಅಂಚು ಮಾತ್ರ ಹೊಳೆಯುತ್ತದೆ. ಶಾಲೆಯ ಪ್ರತಿಮೆಗೆ ನಾನು ಹಾಕಿದ ಲೈಟು ತಪ್ಪಲ್ಲ, ಮುಖ ತಪ್ಪು!

ಆಮೇಲೆ ಲೈಟಿನವನ ಲೆಕ್ಕ ತಲೆಯಲ್ಲಿ ಓಡಿತು. ದೀಪದಿಂದ ದೂರ ಎರಡು ಪಟ್ಟಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ, ಮೂರು ಪಟ್ಟಾದರೆ ಒಂಬತ್ತರಲ್ಲಿ ಒಂದು ಪಾಲು. ಪೀಠದ ಮುಂದೆ ಒಂದು ದೀಪ ಇಟ್ಟಿದ್ದೇವೆ ಅಂದುಕೊಳ್ಳಿ. ಎತ್ತಿದ ಪಾದ ಅದರಿಂದ ಒಂದಡಿ, ಮುಖ ಮೂರಡಿ ಆದರೆ ಮುಖಕ್ಕಿಂತ ಪಾದಕ್ಕೆ ಒಂಬತ್ತು ಪಟ್ಟು ಬೆಳಕು. ಮುಂದಿನ ಎಡಗೈ ಎದೆಯ ಮೇಲಿಂದ ಅಡ್ಡಲಾಗಿ ಬಂದು ಆ ಪಾದವನ್ನೇ ತೋರಿಸುತ್ತಿದೆ. ಶರಣು ಬರಬೇಕಾದದ್ದು ಅಲ್ಲಿಗೆ ಅಂತ ಭಕ್ತರು ಹೇಳುತ್ತಾರೆ. ದೀಪವೂ ಅದನ್ನೇ ಹೇಳುತ್ತದೆ. ಸ್ಥಪತಿ ಇದನ್ನೆಲ್ಲ ಲೆಕ್ಕ ಹಾಕಿದ್ದನೋ ಇಲ್ಲವೋ, ದೀಪದ ಮುಂದೆಯೇ ಬೆಳೆದವನಿಗೆ ಲೆಕ್ಕ ಬೇಕಾಗಿಯೂ ಇಲ್ಲ ಅಲ್ವಾ.

ಮ್ಯೂಸಿಯಂನಲ್ಲಿ ದೀಪ ಹಿಡಿದು ಓಡಾಡಲು ಆಗುವುದಿಲ್ಲ. ಹಾಗಾಗಿ ನಾನೇ ಓಡಾಡಿದೆ. ಎಡಕ್ಕೆ ಎರಡು ಹೆಜ್ಜೆ, ಬಲಕ್ಕೆ ಎರಡು, ಕುಕ್ಕರುಗಾಲಲ್ಲಿ ಕೂತು, ಎದ್ದು. ಲೋಹದಲ್ಲಿ ಇದೊಂದು ಲಾಭ. ಕಲ್ಲಿನ ಮೂರ್ತಿಯ ಮುಂದೆ ನಾವು ಸರಿದರೆ ಅದರ ಮೇಲಿನ ಬೆಳಕು ಅಲ್ಲೇ ಇರುತ್ತದೆ. ಕಂಚಿನ ಮೇಲಿನ ಹೊಳಪು ನಮ್ಮ ಜೊತೆ ಸರಿಯುತ್ತದೆ. ನಾನು ಬಗ್ಗಿದಾಗ ತೊಡೆಯ ಮೇಲಿನ ಮಿಂಚು ಮೊಣಕಾಲಿಗೆ ಹರಿಯಿತು, ಎದ್ದಾಗ ವಾಪಸ್ ಹೋಯಿತು. ಕಾಲು ಅಲುಗಿದ ಹಾಗೇ. ಮಗಳು ದೂರ ನಿಂತು ಪರಿಚಯವೇ ಇಲ್ಲದವಳ ಹಾಗೆ ಫೋನ್ ನೋಡುತ್ತಿದ್ದಳು.

ಇದೇ ಮ್ಯೂಸಿಯಂನ ನಟರಾಜನ ಬಗ್ಗೆ ಫ್ರಾನ್ಸಿನ ಶಿಲ್ಪಿ ರೋದಾಂ 1913ರಲ್ಲಿ ಬರೆದಿದ್ದ. ಅವನು ಸತ್ತದ್ದು 1917ರಲ್ಲಿ, ಬರಹ ಅಚ್ಚಾದದ್ದು 1921ರಲ್ಲಿ. ಅವನು ಮದರಾಸಿಗೆ ಬಂದವನಲ್ಲ. ಕೈಯಲ್ಲಿ ಇದ್ದದ್ದು ಫೋಟೋಗಳು ಮಾತ್ರ, ಕಪ್ಪು ಬಿಳುಪಿನವು. ಅಂದರೆ ಲೋಹ ನೋಡಲಿಲ್ಲ, ಬರೀ ಬೆಳಕು ನೆರಳು ನೋಡಿದ. ಅಷ್ಟರಿಂದಲೇ ಮೈಯ ಒಂದೊಂದು ತಿರುವಿನ ಬಗ್ಗೆ ಬರೆದ. ನನಗೆ ಇದರಲ್ಲಿ ಆಶ್ಚರ್ಯ ಇಲ್ಲ. ಈ ಮನುಷ್ಯ ತನ್ನ ಸ್ಟುಡಿಯೋದಲ್ಲಿ ಸಂಜೆ ದೀಪ ಹಚ್ಚಿ, ಹಳೆಯ ಕಾಲದ ಒಂದು ಸಣ್ಣ ವೀನಸ್ ಮೂರ್ತಿಯ ಮೈಗೆ ಹತ್ತಿರ ಹಿಡಿದು, ಮೂರ್ತಿಯನ್ನು ಮೆಲ್ಲಗೆ ತಿರುಗಿಸುತ್ತಾ ಅತಿಥಿಗೆ ತೋರಿಸಿದವನು. ನುಣುಪು ಅಂತ ಕಂಡ ಹೊಟ್ಟೆಯ ಮೇಲೆ ಎಷ್ಟೋ ಸಣ್ಣ ಸಣ್ಣ ಏರುಪೇರು ಆ ಓರೆ ಬೆಳಕಿನಲ್ಲಿ ಎದ್ದು ಕಂಡವಂತೆ. ನಮ್ಮಲ್ಲಿ ಗೋಡೆಗೆ ಗಾರೆ ಮಾಡಿದ ಮೇಸ್ತ್ರಿ ಬಲ್ಬನ್ನು ಗೋಡೆಗೆ ಒತ್ತಿ ಹಿಡಿದು ಉಬ್ಬು ತಗ್ಗು ನೋಡುತ್ತಾನಲ್ಲ, ಅದೇ ವಿದ್ಯೆ.

ಬಾಲ್ಜಾಕ್ ಎಂಬ ಲೇಖಕನ ದೊಡ್ಡ ಮೂರ್ತಿ ಮಾಡಿದಾಗಲೂ ಹಾಗೆ. 1908ರಲ್ಲಿ ಸ್ಟೈಕನ್ ಎಂಬ ಫೋಟೋಗ್ರಾಫರ್ ಅದನ್ನು ತೆಗೆದದ್ದು ರಾತ್ರಿ, ಬೆಳದಿಂಗಳಲ್ಲಿ. ಆಗಿನ್ನೂ ಅದು ಪ್ಲಾಸ್ಟರಿನದ್ದು. ಕಂಚಿಗೆ ಎರಕ ಹೊಯ್ದು ಪ್ಯಾರಿಸ್ಸಿನ ಬೀದಿಯಲ್ಲಿ ನಿಲ್ಲಿಸಿದ್ದು 1939ರಲ್ಲಿ. ಆ ಮುಖದ ಕಣ್ಣು ನೋಡಿ. ಗುಳಿಯಲ್ಲ, ಬಾವಿ.

ಮ್ಯೂಸಿಯಂ ನೋಡಿದ ಮೇಲೆ ಸುಮ್ನೆ ಕೂರಲು ಆಗಲಿಲ್ಲ. ರೈಲು ಹತ್ತಿ ಕುಂಭಕೋಣಕ್ಕೆ ಹೋದೆವು, ಅಲ್ಲಿಂದ ಸ್ವಾಮಿಮಲೈ. ಅಲ್ಲಿ ಇವತ್ತಿಗೂ ಮೇಣದ ಮೂರ್ತಿ ಮಾಡಿ, ಮಣ್ಣು ಮೆತ್ತಿ, ಕಾಯಿಸಿ ಮೇಣ ಇಳಿಸಿ, ಖಾಲಿಯಾದ ಜಾಗಕ್ಕೆ ಲೋಹ ಹೊಯ್ಯುತ್ತಾರೆ. ಕನ್ನಡದವರಿಗೆ ಇದು ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲೇ ತನ್ನ ಮಾನಸೋಲ್ಲಾಸದಲ್ಲಿ ಈ ವಿಧಾನ ಬರೆದಿಟ್ಟಿದ್ದಾನೆ. ಮೇಣ ತೂಗಿ, ಅದರ ಮೇಲೆ ಲೋಹದ ತೂಕ ಲೆಕ್ಕ ಹಾಕಬೇಕು ಅಂತ.

ಮೇಣಕ್ಕೆ ಮೆತ್ತುವ ಮೊದಲ ಪದರ ಕಾವೇರಿಯ ನಯವಾದ ಮಣ್ಣು. ಉಗುರಿನ ಗೆರೆಯನ್ನೂ ಬಿಡದೆ ಹಿಡಿಯುತ್ತದೆ. ಅದರ ಮೇಲೆ ಒರಟು ಮಣ್ಣು, ಆಮೇಲೆ ಕಂಬಿ ಬಿಗಿತ. ಮೂರ್ತಿ ಒಳಗೆ ಟೊಳ್ಳಲ್ಲ, ಗಟ್ಟಿ. ಲೋಹ ಆರಿದ ಮೇಲೆ ಅಚ್ಚು ಒಡೆಯಲೇಬೇಕು, ಹಾಗಾಗಿ ಒಂದು ಮೇಣಕ್ಕೆ ಒಂದೇ ಮೂರ್ತಿ. ಇದೆಲ್ಲ ನೋಡಲು ಚಂದ. ನನ್ನ ಕಣ್ಣು ನಿಂತದ್ದು ಮಾತ್ರ ಒಬ್ಬ ವಯಸ್ಸಾದವರ ಮೇಲೆ. ಅಂಗೈ ಅಗಲದ ಮೇಣದ ಮುಖ ಹಿಡಿದು ಬಾಗಿಲ ಕಡೆ ತಿರುಗುತ್ತಿದ್ದರು. ಕಾಯಿಸಿದ ಕತ್ತಿಯಲ್ಲಿ ಮೂಗಿನ ಪಕ್ಕ ಒಂದು ಎಳೆ ತೆಗೆಯುವುದು, ಬಾಗಿಲ ಬೆಳಕಿಗೆ ಓರೆಯಾಗಿ ಹಿಡಿಯುವುದು, ಮತ್ತೆ ಒಂದು ಎಳೆ. ತಲೆಯ ಮೇಲೆ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಅದರ ಕಡೆ ನೋಡಲೂ ಇಲ್ಲ. ಅವರು ಕೆತ್ತುತ್ತಿದ್ದದ್ದು ಮೂಗನ್ನಲ್ಲ, ಮೂಗಿನ ನೆರಳನ್ನು ಅಂತ ನನಗನ್ನಿಸಿತು. ನನಗೆ ತಮಿಳು ಅಷ್ಟಾಗಿ ಬರುವುದಿಲ್ಲ, ಅವರಿಗೆ ಕನ್ನಡ ಇಲ್ಲ. ನಾನು ಬಾಗಿಲಿಗೆ ಅಡ್ಡ ನಿಂತಿದ್ದೆ. ಕೈ ಸನ್ನೆಯಲ್ಲಿ ಸರಿಯಲು ಹೇಳಿದರು. ನಲವತ್ತು ನಿಮಿಷದಲ್ಲಿ ನಮ್ಮ ನಡುವೆ ನಡೆದ ಮಾತುಕತೆ ಇಷ್ಟೇ.

ಅಂಗಡಿಯ ಮುಂದೆ ಮಾರಾಟಕ್ಕಿಟ್ಟ ಮೂರ್ತಿಗಳು ಕಣ್ಣು ಕುಕ್ಕುವ ಪಾಲಿಶ್. ಅವುಗಳಲ್ಲಿ ನನ್ನ ಅಂಗಿ ಕಂಡಿತು, ರಸ್ತೆಯ ಆಟೋ ಕಂಡಿತು, ದೇವರು ಕಾಣಲಿಲ್ಲ. ಒಂದಿಪ್ಪತ್ತು ವರ್ಷ ಮನೆಯ ಹೊಗೆ, ಎಣ್ಣೆ, ಹುಣಸೆಹುಳಿ ಕಂಡ ಮೇಲೆ ಅವೂ ಸರಿಹೋದಾವು.

ಮರುದಿನ ತಂಜಾವೂರಿನ ಅರಮನೆಯ ಆರ್ಟ್ ಗ್ಯಾಲರಿ. ತಿರುವೆಂಕಾಡಿನಿಂದ ಬಂದ ವೃಷಭವಾಹನ ಶಿವ ಇರುವುದು ಅಲ್ಲಿ. 1011ನೇ ಇಸವಿಯದ್ದು. ತಲೆಗೆ ಹಾವುಗಳನ್ನು ಸೇರಿಸಿ ಸುತ್ತಿದ ಜಟೆ, ಪೇಟದ ಹಾಗೆ. ಕಾಲು ಅಡ್ಡ ಹಾಕಿ ಆರಾಮಾಗಿ ನಿಂತಿದ್ದಾನೆ, ಒಂದು ಕೈ ಎತ್ತಿನ ಮೇಲೆ ಊರಿ. ಎತ್ತು ಇಲ್ಲ! ಯಾವಾಗಲೋ ಹೋಗಿದೆ. ಕೈ ಗಾಳಿಯ ಮೇಲೆ ಒರಗಿದೆ. ಆದರೂ ಎತ್ತಿನ ಎತ್ತರ ಎಷ್ಟಿತ್ತು, ಬೆನ್ನು ಎಲ್ಲಿತ್ತು ಅಂತ ಸರಿಯಾಗಿ ಗೊತ್ತಾಗುತ್ತದೆ. ನಾಟಕದಲ್ಲಿ ಇಲ್ಲದ ಕುರ್ಚಿಯ ಮೇಲೆ ಕೂರುವ ನಟರನ್ನು ನೋಡಿದ್ದೇನೆ. ಯಾರಿಗೂ ಸೊಂಟ ಇಷ್ಟು ಸಡಿಲವಾಗಿರಲಿಲ್ಲ. ಗೋಡೆಯ ಮೇಲೆ ಅವನ ನೆರಳು ಬೀಳಿಸಿ, ಆ ಕೈ ಕೆಳಗಿನ ಖಾಲಿ ಜಾಗಕ್ಕೆ ಎತ್ತಿನ ನೆರಳೊಂದನ್ನು ಕಟ್ಔಟ್‌ನಿಂದ ಸೇರಿಸಬಹುದಿತ್ತು ಅಂತ ಮಗಳಿಗೆ ಹೇಳಿದೆ. “ಅಪ್ಪ, ಇದು ನಿಮ್ಮ ನಾಟಕ ಅಲ್ಲ” ಅಂದಳು. ಸರಿಯೇ.

ಒಂದು ವಿಷಯ ತಲೆಯಿಂದ ಹೋಗುತ್ತಿಲ್ಲ. ಇವೆಲ್ಲ ಉತ್ಸವಮೂರ್ತಿಗಳು. ಪೀಠದಲ್ಲಿ ಕೋಲು ತೂರಿಸಲು ತೂತು, ಬಳೆ ಇರುತ್ತವೆ. ಹೆಗಲ ಮೇಲೆ ಹೊತ್ತು ಬೀದಿ ಸುತ್ತಿಸುತ್ತಿದ್ದರು. ರೇಷ್ಮೆ, ಹೂವು, ಒಡವೆ ಹೊದಿಸಿದ ಮೇಲೆ ಭಕ್ತರಿಗೆ ಕಾಣುತ್ತಿದ್ದದ್ದು ಮುಖ, ಅಂಗೈ, ಪಾದ ಅಷ್ಟೆ. ಸೊಂಟದ ಆ ಬಳುಕು, ಬೆನ್ನಿನ ಆ ಹಳ್ಳ ಯಾವ ಜನರಿಗೂ ಕಾಣಲೆಂದು ಮಾಡಿದ್ದಲ್ಲ. ಅಭಿಷೇಕದ ಹೊತ್ತಿಗೆ ಅರ್ಚಕರು ನೋಡುತ್ತಿದ್ದರು, ಎರಕದವನು ನೋಡಿದ್ದ. ಈಗ ಟಿಕೆಟ್ ತೆಗೆದುಕೊಂಡ ಎಲ್ಲರೂ ನೋಡುತ್ತೇವೆ. ನಮಗೆ ಮೈ ಸಿಕ್ಕಿತು, ಆದರೆ ಪಂಜಿನ ಬೆಳಕು, ಹೊರುವವರ ಹೆಜ್ಜೆಗೆ ಅಲುಗುವ ನೆರಳು ಹೋಯಿತು. ಯಾವುದು ಹೆಚ್ಚು ಅಂತ ನನಗೆ ತೀರ್ಮಾನಿಸಲು ಆಗಿಲ್ಲ.

ವಾಪಸ್ ಚೆನ್ನೈ. ಹೊರಡುವ ಹಿಂದಿನ ದಿನ ಬೆಳಿಗ್ಗೆ ಐದೂವರೆಗೆ ಮಗಳನ್ನು ಎಬ್ಬಿಸಿ ಮರೀನಾಕ್ಕೆ ಹೋದೆ. ದೇವಿಪ್ರಸಾದ್ ರಾಯ್ ಚೌಧರಿ ಮಾಡಿದ ಕಾರ್ಮಿಕರ ಪ್ರತಿಮೆ ಅಲ್ಲಿದೆ, 1959ರಲ್ಲಿ ನಿಲ್ಲಿಸಿದ್ದು. ಮದರಾಸಿನ ಕಲಾಶಾಲೆಗೆ ಮುಖ್ಯಸ್ಥರಾಗಿದ್ದವರು ಅವರು. ನಾಲ್ಕು ಜನ ಒಂದು ದೊಡ್ಡ ಬಂಡೆಯನ್ನು ಮೀಟುತ್ತಿದ್ದಾರೆ. ರಸ್ತೆಯ ಕಡೆಯಿಂದ ನಿಂತರೆ ಅವರ ಹಿಂದೆ ಸಮುದ್ರ, ಸಮುದ್ರದಿಂದ ಸೂರ್ಯ. ಆ ಹೊತ್ತಿಗೆ ಮುಖ ಇಲ್ಲ, ಕಣ್ಣು ಇಲ್ಲ, ಬಟ್ಟೆಯ ಮಡಿಕೆ ಇಲ್ಲ. ಕಪ್ಪು ಆಕಾರ ಒಂದೇ. ಆದರೂ ಯಾರ ಭಾರ ಯಾವ ಕಾಲ ಮೇಲೆ ಬಿದ್ದಿದೆ ಅಂತ ಹೇಳಬಹುದು. ಯಕ್ಷಗಾನದಲ್ಲಿ ಪರದೆಯ ಹಿಂದಿನಿಂದಲೇ ಇದು ಯಾರ ಹೆಜ್ಜೆ ಅಂತ ಗುರುತಿಸುವ ಹಾಗೆ. ಎದುರು ಬೆಳಕಿನಲ್ಲಿ ಸುಳ್ಳು ಹೇಳಲಾಗುವುದಿಲ್ಲ. ಬಣ್ಣ, ಹೊಳಪು, ಮುಖಭಾವ ಯಾವುದೂ ಸಹಾಯಕ್ಕೆ ಬರುವುದಿಲ್ಲ, ಮೈಯ ಅಂಚೊಂದೇ ನಿಲ್ಲಬೇಕು.

ಅದೇ ದಿನ ಸಂಜೆ ನಾಲ್ಕೂವರೆಗೆ ಮತ್ತೆ ಹೋದೆವು. “ಬೆಳಿಗ್ಗೆ ನೋಡಿದ್ದೇ ಅಲ್ವಾ” ಅಂತ ಮಗಳು ಗೊಣಗಿದಳು, ಬಂದಳು. ಈಗ ಬಿಸಿಲು ರಸ್ತೆಯ ಕಡೆಯಿಂದ, ಓರೆಯಾಗಿ. ಬೆಳಿಗ್ಗೆ ಕಾಣದ ಪಕ್ಕೆಲುಬು, ತೊಡೆಯ ಸ್ನಾಯು, ಕುತ್ತಿಗೆಯ ನರ ಒಂದೊಂದೂ ಎದ್ದು ಬಂದಿದ್ದವು. ಬೆರಳಿನಲ್ಲಿ ಒತ್ತಿದ ಮಣ್ಣಿನ ಒರಟು ಹಾಗೇ ಕಂಚಿಗೆ ಇಳಿದಿದೆ. ನುಣುಪು ಮಾಡಿಲ್ಲ, ಅದಕ್ಕೇ ಬಿಸಿಲು ಜಾರುವುದಿಲ್ಲ, ಅಲ್ಲಲ್ಲಿ ಸಿಕ್ಕಿಕೊಳ್ಳುತ್ತದೆ. ಬೆವರಿದ ಹಾಗೆ ಕಾಣುತ್ತದೆ.

ನಾನು ಕಣ್ಣು ನೋಡಲು ಕತ್ತು ಉದ್ದ ಮಾಡುತ್ತಿದ್ದೆ. ಮಗಳು ತೋಳು ಹಿಡಿದು ಎಳೆದಳು. “ಅಪ್ಪ, ಅಲ್ಲಿ ನೋಡಿ.” ನಾಲ್ವರ ನೆರಳೂ ಬಂಡೆಯ ನೆರಳೂ ಒಂದಾಗಿ ಸಮುದ್ರದ ಕಡೆಗೆ ಉದ್ದಕ್ಕೆ ಬಿದ್ದಿತ್ತು. ಅದರ ತುದಿಯಲ್ಲಿ ಒಬ್ಬ ಸುಂಡಲ್ ಮಾರುವವನು ಡಬ್ಬಿ ಇಳಿಸಿ, ತಲೆಗೆ ಟವೆಲ್ ಮಡಚಿಟ್ಟು ಮಲಗಿದ್ದ. ಬಿಸಿಲು ಸರಿದಾಗ ಕಣ್ಣು ಬಿಡದೆಯೇ ಅವನೂ ಒಂದು ಗೇಣು ಸರಿದ.